ಬಾಲ್ಸಾ ಹೆಲಿಕಾಪ್ಟರ್: ಮೈ ಗಿರಕಿ ಹೊಡೆಯದಂತೆ ಹಾರಿಸುವುದು ಹೇಗೆ?

ಬಾಲ್ಸಾ ಅನ್ನುವ ಹಗುರ ಮರದಿಂದ ನಾನು ಮಾಡಿದ ಮೊದಲ ಮಾಡೆಲ್ ಹೆಲಿಕಾಪ್ಟರ್ ಹಾರಲಿಲ್ಲ, ಗಿರಕಿ ಹೊಡೆಯಿತು. ಅದನ್ನು ಓಡಿಸುವ ರಬ್ಬರಿಗೆ ಇನ್ನೂರು ಸುತ್ತು ಕೊಟ್ಟು ಮೆಲ್ಲಗೆ ಕೈ ತೆಗೆದೆ. ಮೇಲಿನ ರೋಟರ್, ಅಂದರೆ ತಿರುಗುವ ರೆಕ್ಕೆಗಳ ಜೋಡಿ, ಸೋಮಾರಿ ಥರ ತಿರುಗತೊಡಗಿತು. ಅದರ ಕೆಳಗಿದ್ದ ಮೈ, ಅಂದರೆ ಎರಡು ವಾರ ಕೂತು ಅಂಟಿಸಿದ ಬಾಲ, ಪಾರದರ್ಶಕ ಗುಮ್ಮಟ ಎಲ್ಲಾ ಸೇರಿ, ಉಲ್ಟಾ ದಿಕ್ಕಿಗೆ ಬುಗುರಿಯಂತೆ ಸುತ್ತಿತು. ಬಾಲ ಹೋಗಿ ಬಾಗಿಲ ಚೌಕಟ್ಟಿಗೆ ಬಡಿದು ಎರಡು ತುಂಡಾಯಿತು.

ಶಕ್ತಿ ಸಾಲಲಿಲ್ಲ ಅಂದುಕೊಂಡು ಇನ್ನೊಂದು ರಬ್ಬರ್ ಸೇರಿಸಿದೆ. ಮೈ ಇನ್ನೂ ಜೋರಾಗಿ ಸುತ್ತಿತು! ಆಮೇಲೆ ಗೊತ್ತಾಯಿತು, ಕೊರತೆ ಇದ್ದದ್ದು ಶಕ್ತಿಯದ್ದಲ್ಲ ಅಂತ. ವಿಮಾನದ ಮಾಡೆಲ್ ಮಾಡಿ ಅಭ್ಯಾಸ ಇರುವವರೂ ಹೆಲಿಕಾಪ್ಟರ್ ವಿಷಯಕ್ಕೆ ಬಂದಾಗ ಮುಗ್ಗರಿಸುವುದು ಇಲ್ಲೇ. ರೋಟರನ್ನು ಒಂದು ಕಡೆಗೆ ತಿರುಗಿಸಿದರೆ ಅಷ್ಟೇ ಬಲ ಮೈಯನ್ನು ಇನ್ನೊಂದು ಕಡೆಗೆ ತಿರುಗಿಸುತ್ತದೆ. ಆ ಎದುರು ತಿರುವನ್ನು ಎಲ್ಲಿ ಇಳಿಸುತ್ತೀರಿ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಹೆಲಿಕಾಪ್ಟರ್ ತಯಾರಾದ ಹಾಗೆ.

ಇದು ನಿಮಗೆ ಹೊಸ ಅನುಭವವೇನೂ ಅಲ್ಲ. ಗೋಡೆಗೆ ತೂತು ಹಾಕುವಾಗ ಡ್ರಿಲ್ಲಿಂಗ್ ಮಷೀನಿನ ಬಿಟ್ ಸಿಕ್ಕಿಹಾಕಿಕೊಂಡರೆ ಮಷೀನೇ ತಿರುಗಿ ಮಣಿಕಟ್ಟನ್ನು ತಿರುಚುತ್ತದೆ ಅಲ್ವಾ? ಸೀಲಿಂಗ್ ಫ್ಯಾನ್ ಹಾಕಿದ ಕ್ಷಣ ಅದರ ರಾಡು ಉಲ್ಟಾ ಕಡೆಗೆ ಒಂಚೂರು ಅಲುಗುತ್ತದೆ. ಫ್ಯಾನಿನ ತಿರುವನ್ನು ಮನೆಯ ಚಾವಣಿ ತಡೆದುಕೊಳ್ಳುತ್ತದೆ. ಗಾಳಿಯಲ್ಲಿ ನೇತಾಡುವ ಮಾಡೆಲ್ಲಿಗೆ ಚಾವಣಿ ಎಲ್ಲಿಂದ ಬರಬೇಕು? ಅದು ಗಾಳಿಯನ್ನೇ ಹಿಡಿದುಕೊಳ್ಳಬೇಕು.

ಈ ಪ್ರಶ್ನೆಗೆ ಸೊಗಸಾದ ಉತ್ತರ ಕೊಟ್ಟವನು ಫ್ರಾನ್ಸಿನ ಅಲ್ಫೋನ್ಸ್ ಪೆನೋ. 1870ರಲ್ಲಿ ಅವನು ರಬ್ಬರ್ ಸುತ್ತಿ ಹಾರಿಸುವ ಪುಟ್ಟ ಹೆಲಿಕಾಪ್ಟರ್ ಮಾಡಿದ. ಮೇಲೊಂದು ರೋಟರ್, ಕೆಳಗೊಂದು ರೋಟರ್, ನಡುವೆ ತಿರುಚಿದ ರಬ್ಬರ್. ರಬ್ಬರಿನ ಒಂದು ತುದಿ ಮೇಲಿನದನ್ನು ಒಂದು ಕಡೆಗೆ ತಿರುಗಿಸಿದರೆ ಇನ್ನೊಂದು ತುದಿ ಕೆಳಗಿನದನ್ನು ಎದುರು ಕಡೆಗೆ ತಿರುಗಿಸುತ್ತದೆ. ಎದುರು ತಿರುವು ಪೋಲಾಗುವ ಮಾತೇ ಇಲ್ಲ, ಅದೂ ಎತ್ತುವ ಕೆಲಸಕ್ಕೇ ಬರುತ್ತದೆ. ಇದೇ ಬಗೆಯ ಒಂದು ಆಟಿಕೆಯನ್ನು 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟರು. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್ ರೈಟ್. ಬಿದಿರು, ಬೆಂಡು, ಕಾಗದದ ಆ ಆಟಿಕೆಗೆ ಅವರು 'ಬಾವಲಿ' ಅಂತ ಹೆಸರಿಟ್ಟರು. ಅದನ್ನು ನೋಡಿಕೊಂಡು ತಾವೇ ಹಲವು ಮಾಡಿದರು. ದೊಡ್ಡದು ಮಾಡಿದಷ್ಟೂ ಹಾರಾಟ ಕೆಡುತ್ತಾ ಹೋಯಿತು. ಯಾಕೆ ಅಂತ ಆಗ ಅವರಿಗೆ ಗೊತ್ತಾಗಲಿಲ್ಲ.

ಕಾರಣ ತೂಕ. ಉದ್ದ, ಅಗಲ, ಎತ್ತರ ಮೂರೂ ದುಪ್ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಒಂದೇ ಕಡೆ ನಿಂತು ಹಾರುವ ಹೆಲಿಕಾಪ್ಟರಿಗೆ ತೂಕದಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ರೋಟರ್ ಅಷ್ಟೇ ಇದ್ದು ತೂಕ ದುಪ್ಪಟ್ಟಾದರೆ ಬೇಕಾಗುವ ಶಕ್ತಿ ದುಪ್ಪಟ್ಟಲ್ಲ, ಹತ್ತಿರ ಹತ್ತಿರ 2.8 ಪಟ್ಟು. ಅದೇ ತೂಕ ಅಷ್ಟೇ ಇದ್ದು ರೋಟರಿನ ವ್ಯಾಸ ದುಪ್ಪಟ್ಟಾದರೆ ಶಕ್ತಿ ಅರ್ಧ ಸಾಕು. ಸಣ್ಣ ರೋಟರ್ ಸ್ವಲ್ಪ ಗಾಳಿಯನ್ನು ಜೋರಾಗಿ ಕೆಳಕ್ಕೆ ದೂಡಬೇಕು. ದೊಡ್ಡದು ಜಾಸ್ತಿ ಗಾಳಿಯನ್ನು ನಿಧಾನಕ್ಕೆ ದೂಡಿದರೂ ಆಯಿತು. ನಿಧಾನಕ್ಕೆ ದೂಡುವುದೇ ಅಗ್ಗ. ಹಾಗಾಗಿ ದೊಡ್ಡ ರೋಟರ್, ಹಗುರ ಮೈ. ಬಾಲ್ಸಾ ಬೇಕಾಗುವುದು ಇದಕ್ಕೇ.

ಬಾಲ್ಸಾ ಮರ ಜಾಸ್ತಿ ಬರುವುದು ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ. ಐದಾರು ವರ್ಷಕ್ಕೇ ಕಡಿಯಲು ಬರುತ್ತದೆ. ನಮ್ಮ ಬೂರುಗ, ಹತ್ತಿ, ದಾಸವಾಳ, ಬೆಂಡೆ ಎಲ್ಲಾ ಅದೇ ಕುಟುಂಬದವು. ಮದುವೆಯ ಬಾಸಿಂಗ ಮಾಡುವ ಬೆಂಡನ್ನು ಕೈಯಲ್ಲಿ ಹಿಡಿದವರಿಗೆ ಆ ಹಗುರ ಎಂಥದ್ದು ಅಂತ ಗೊತ್ತಿರುತ್ತದೆ. ಬಾಲ್ಸಾ ಅದಕ್ಕಿಂತ ತುಸು ಭಾರ, ಆದರೆ ಮರದ ಬಿಗಿ ಇರುತ್ತದೆ. ಮಾಡೆಲ್ಲಿಗೆ ಬಳಸುವ ಬಾಲ್ಸಾ ಒಂದು ಘನ ಮೀಟರಿಗೆ ಸಾಮಾನ್ಯವಾಗಿ 100ರಿಂದ 200 ಕಿಲೋ ತೂಗುತ್ತದೆ. ತೇಗ ಸುಮಾರು 650 ಕಿಲೋ.

100ಕ್ಕೂ 200ಕ್ಕೂ ದುಪ್ಪಟ್ಟು ವ್ಯತ್ಯಾಸ ಇದೆ, ಗಮನಿಸಿ. ಅಂಗಡಿಯಲ್ಲಿ ಎಲ್ಲಾ ಹಾಳೆಗಳೂ ಒಂದೇ ಥರ ಕಾಣುತ್ತವೆ. ಅದಕ್ಕೆ ಜೇಬಿನಲ್ಲಿ ಒಂದು ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಹೋಗಿ. ಒಂದೂವರೆ ಮಿಲಿಮೀಟರ್ ದಪ್ಪ, ಏಳೂವರೆ ಸೆಂಟಿಮೀಟರ್ ಅಗಲ, 91 ಸೆಂಟಿಮೀಟರ್ ಉದ್ದದ ಹಾಳೆ 10 ಗ್ರಾಂ ತೂಗಿದರೆ ಹಗುರದ್ದು, ಕಣ್ಣು ಮುಚ್ಚಿ ತೆಗೆದುಕೊಳ್ಳಿ. 20 ಗ್ರಾಂ ತೂಗಿದರೆ ಅದು ಬೇರೆ ಕೆಲಸಕ್ಕೆ ಇರಲಿ. ಹತ್ತು ಹಾಳೆ ತೂಗಿ ಎರಡು ಆರಿಸಿದರೆ ಅಂಗಡಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಅವರಿಗೂ ಅಭ್ಯಾಸವಾಗಿರುತ್ತದೆ.

ಇನ್ನು ಯಾವ ಹೆಲಿಕಾಪ್ಟರ್ ಮಾಡುವುದು? ಬೆಂಗಳೂರಿನವರು ಸಹಜವಾಗಿ ಧ್ರುವ್ ಮಾಡೋಣ ಅನ್ನುತ್ತಾರೆ. ಎಚ್‌ಎಎಲ್ ಕಟ್ಟಿದ್ದು, 1992ರಲ್ಲಿ ಇಲ್ಲೇ ಮೊದಲ ಬಾರಿ ಹಾರಿದ್ದು. ಆಸೆ ನನಗೂ ಇದೆ. ಆದರೆ ಅದಕ್ಕೆ ನಾಲ್ಕು ರೆಕ್ಕೆ, ಸುತ್ತಲೂ ಮುಚ್ಚಿದ ದುಂಡು ಮೈ. ಮೊದಲ ಮಾಡೆಲ್ಲಿಗೆ ಅದು ಕಷ್ಟ. ನನ್ನ ಆಯ್ಕೆ ಬೆಲ್ 47. ಮುಂದೆ ದೊಡ್ಡ ಗುಳ್ಳೆಯಂಥ ಗುಮ್ಮಟ, ಹಿಂದೆ ಹೊದಿಕೆಯೇ ಇಲ್ಲದ ಕೊಳವೆಗಳ ಬಾಲ, ಮೇಲೆ ಎರಡೇ ರೆಕ್ಕೆ. ಎಲುಬು ಕಾಣುವ ಇಂಥ ಮೈ ಬಾಲ್ಸಾ ಕಡ್ಡಿಗೆ ಹೇಳಿ ಮಾಡಿಸಿದ್ದು. 1946ರ ಮಾರ್ಚ್ 8ರಂದು ಅಮೆರಿಕದಲ್ಲಿ ನಾಗರಿಕ ಬಳಕೆಗೆ ಪ್ರಮಾಣಪತ್ರ ಪಡೆದ ಮೊದಲ ಹೆಲಿಕಾಪ್ಟರ್ ಅದು. ಅದರ ಹುಟ್ಟೂ ಮಾಡೆಲ್ಲಿನಿಂದಲೇ ಆದದ್ದು. ಆ ಕಥೆಗೆ ಆಮೇಲೆ ಬರುತ್ತೇನೆ.

ಬೆಲ್ 47ರ ರೋಟರ್ ಸುಮಾರು 11.3 ಮೀಟರ್. 24ರಲ್ಲಿ ಒಂದು ಭಾಗದ ಅಳತೆಗೆ ಇಳಿಸಿದರೆ 47 ಸೆಂಟಿಮೀಟರ್. ಟೇಬಲ್ ಮೇಲೆ ಕೂರುವ ಗಾತ್ರ. ಒಟ್ಟು ತೂಕದ ಗುರಿ 20 ಗ್ರಾಂ. ರೋಟರಿಗೆ 5, ಮೈಗೆ 6, ಗುಮ್ಮಟಕ್ಕೆ 2, ರಬ್ಬರ್ ಹಿಡಿಯುವ ಕೊಳವೆಗೆ 2, ರಬ್ಬರಿಗೆ 5. ಮನೆ ಖರ್ಚಿನ ಲೆಕ್ಕದ ಹಾಗೆ ಇದನ್ನು ಗೋಡೆ ಮೇಲೆ ಬರೆದು ಅಂಟಿಸಿಕೊಳ್ಳಿ. ಇಷ್ಟು ತೂಕವನ್ನು ಗಾಳಿಯಲ್ಲಿ ಎತ್ತಿ ಹಿಡಿಯಲು ಲೆಕ್ಕದ ಪ್ರಕಾರ 0.13 ವ್ಯಾಟ್ ಸಾಕು. ಪುಟ್ಟ ರೆಕ್ಕೆಗಳು ಅಷ್ಟು ಚೊಕ್ಕವಾಗಿ ಕೆಲಸ ಮಾಡುವುದಿಲ್ಲ, 0.35 ವ್ಯಾಟ್ ಅಂತ ಇಟ್ಟುಕೊಳ್ಳಿ. ರಾತ್ರಿ ಹಚ್ಚುವ ಝೀರೋ ಎಲ್‌ಇಡಿ ಬಲ್ಬಿಗಿಂತಲೂ ಕಮ್ಮಿ! ಸಮುದ್ರ ಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ತುಸು ತೆಳು, ಮಂಗಳೂರಿಗಿಂತ ಶೇಕಡಾ ನಾಲ್ಕೈದು ಜಾಸ್ತಿ ಶಕ್ತಿ ಬೇಕು, ಅಷ್ಟೇ.

ಈಗ ಅಳತೆಯ ಒಂದು ತೊಡಕು. ಅಸಲಿ ರೆಕ್ಕೆಯ ಅಗಲ ಸುಮಾರು 28 ಸೆಂಟಿಮೀಟರ್. ಅದನ್ನೂ 24ರಿಂದ ಭಾಗಿಸಿದರೆ 12 ಮಿಲಿಮೀಟರ್, ಒಂದು ಐಸ್‌ಕ್ಯಾಂಡಿ ಕಡ್ಡಿಯಷ್ಟು. ಅಸಲಿ ರೋಟರ್ ನಿಮಿಷಕ್ಕೆ ಸುಮಾರು 350 ಸುತ್ತು ತಿರುಗುವಾಗ ರೆಕ್ಕೆಯ ತುದಿ ಸೆಕೆಂಡಿಗೆ 200 ಮೀಟರಿಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತದೆ. ನಮ್ಮ ಮಾಡೆಲ್ ಹೆಚ್ಚುಕಮ್ಮಿ ಅಷ್ಟೇ ಸುತ್ತು ತಿರುಗಿದರೂ ತುದಿಯ ವೇಗ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ಮಾತ್ರ. ಆ ವೇಗಕ್ಕೆ ಕ್ಯಾಂಡಿ ಕಡ್ಡಿಯಷ್ಟು ರೆಕ್ಕೆ ಏನೂ ಎತ್ತುವುದಿಲ್ಲ. ಹಾಗಾಗಿ ಇಲ್ಲಿ ಅಳತೆ ಬಿಟ್ಟು ರೆಕ್ಕೆಯನ್ನು ಮೂರೂವರೆ ಸೆಂಟಿಮೀಟರ್ ಅಗಲ ಮಾಡಬೇಕು. ಶುದ್ಧ ಅಳತೆ ಬೇಕು ಅನ್ನುವವರು ಅದನ್ನು ಶೋಕೇಸಿನಲ್ಲಿ ಇಡಬಹುದು. ನನಗೆ ಹಾರುವುದು ಬೇಕು.

ರೆಕ್ಕೆ ಮಾಡುವುದೇ ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಇಷ್ಟು ನಿಧಾನದ ಗಾಳಿಯಲ್ಲಿ ದಪ್ಪ ರೆಕ್ಕೆಗಿಂತ ತೆಳ್ಳಗೆ ಬಾಗಿದ ಹಾಳೆಯೇ ಚೆನ್ನಾಗಿ ಎತ್ತುತ್ತದೆ. ಒಂದೂವರೆ ಮಿಲಿಮೀಟರ್ ಹಾಳೆಯಿಂದ 21 ಸೆಂಟಿಮೀಟರ್ ಉದ್ದದ ಎರಡು ಪಟ್ಟಿ ಕತ್ತರಿಸಿ. ಮರದ ಎಳೆ ಪಟ್ಟಿಯ ಉದ್ದಕ್ಕೇ ಇರಲಿ. ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಹಾಕಿ. ಅಡುಗೆಮನೆಯಿಂದ ಹದಿನೈದು ಸೆಂಟಿಮೀಟರ್ ಅಡ್ಡಳತೆಯ ಸ್ಟೀಲ್ ಡಬ್ಬ ತನ್ನಿ. ಅಕ್ಕಿಯದ್ದೋ ಬೇಳೆಯದ್ದೋ ಯಾವುದಾದರೂ ಆಗುತ್ತದೆ. ನೆಂದ ಪಟ್ಟಿಯನ್ನು ಡಬ್ಬದ ಮೈಗೆ ಒರಗಿಸಿ, ನೆಟ್ಟಗೆ ನಿಲ್ಲಿಸದೆ 15 ಡಿಗ್ರಿ ಓರೆಯಾಗಿಟ್ಟು, ಬ್ಯಾಂಡೇಜ್ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಚ್ಚಿದಾಗ ಪಟ್ಟಿ ಅಡ್ಡಕ್ಕೆ ಬಾಗಿರುತ್ತದೆ, ಉದ್ದಕ್ಕೆ ತಿರುಚಿರುತ್ತದೆ. ಬುಡದಲ್ಲಿ ಜಾಸ್ತಿ ಓರೆ, ತುದಿಯಲ್ಲಿ ಕಮ್ಮಿ. ತುದಿ ಜೋರಾಗಿ ಓಡುತ್ತದೆ, ಬುಡ ನಿಧಾನ. ಹಾಗಾಗಿ ಬುಡಕ್ಕೆ ಜಾಸ್ತಿ ಓರೆ ಬೇಕೇ ಬೇಕು.

ಒಂದು ಎಚ್ಚರಿಕೆ. ಎರಡು ಪಟ್ಟಿಯನ್ನೂ ಒಂದೇ ಕಡೆಗೆ ಓರೆ ಮಾಡಿ ಕಟ್ಟಬೇಕು. ಒಂದು ಎಡಕ್ಕೆ, ಒಂದು ಬಲಕ್ಕೆ ಕಟ್ಟಿದರೆ ಒಂದು ರೆಕ್ಕೆಯ ತಿರುಚು ಉಲ್ಟಾ ಆಗಿರುತ್ತದೆ. ಎರಡು ಎಡಗಾಲಿನ ಚಪ್ಪಲಿ ಬೇಕಿರುವಲ್ಲಿ ಒಂದು ಜೊತೆ ಚಪ್ಪಲಿ ಸಿಕ್ಕ ಹಾಗೆ. ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ, ಎರಡರ ತೂಕ ಒಂದೇ ಆಗುವವರೆಗೆ ತೂಗುತ್ತಾ ಇರಿ. ಒಂದೊಂದು ಹೆಚ್ಚುಕಮ್ಮಿ 1.2 ಗ್ರಾಂ ಬರುತ್ತದೆ. ಜೋಡಿಸುವಾಗ ನಡುಭಾಗದ ಓರೆ 10ರಿಂದ 12 ಡಿಗ್ರಿ ಇರಲಿ. ಜಾಮಿಟ್ರಿ ಬಾಕ್ಸಿನ ಕೋನಮಾಪಕ ಸಾಕು.

ಮೈ ಕಟ್ಟುವುದು ಬಾಲ್ಸಾ ವಿಮಾನ ಕಟ್ಟಿದ ಹಾಗೇ. ನಕ್ಷೆಯನ್ನು ಸಾಫ್ಟ್ ಬೋರ್ಡಿನ ಮೇಲೆ ಹರಡಿ, ಅಂಟು ಹತ್ತದ ಹಾಗೆ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ. ಕಡ್ಡಿಗಳನ್ನು ಗುಂಡುಪಿನ್ನಿನ ನಡುವೆ ಹಿಡಿಸಿ, ನೀರು ಬೆರೆಸಿದ ಫೆವಿಕಾಲ್ ಹನಿ ಹಾಕಿ. ಪಿನ್ನನ್ನು ಕಡ್ಡಿಯ ಅಕ್ಕಪಕ್ಕ ಚುಚ್ಚಿ, ಕಡ್ಡಿಗೇ ಚುಚ್ಚಿದರೆ ಅಲ್ಲೇ ಮುರಿಯುತ್ತದೆ. ಗುಮ್ಮಟಕ್ಕೆ ತೆಳು ನೀರಿನ ಬಾಟಲಿ ಬೇಕು. ಮರದಲ್ಲಿ ಗುಮ್ಮಟದ ಅಚ್ಚು ಕೆತ್ತಿ, ಬಾಟಲಿಯ ತಳ ಕತ್ತರಿಸಿ ಒಳಗೆ ತೂರಿಸಿ, ಸುತ್ತ ಬಿಸಿಗಾಳಿ ಹಾಯಿಸಿದರೆ ಪ್ಲಾಸ್ಟಿಕ್ ಕುಗ್ಗಿ ಅಚ್ಚಿನ ಮೈಗೆ ಅಂಟಿದಂತೆ ಕೂರುತ್ತದೆ. ನೋಡುವುದಕ್ಕೇ ಖುಷಿ.

ರಬ್ಬರ್ ಹಿಡಿಯುವ ಕೊಳವೆಗೆ ಮಾತ್ರ ಸ್ವಲ್ಪ ಜಾಸ್ತಿ ಗಮನ ಕೊಡಿ. ರೋಟರಿನ ಕೆಳಗೆ ನೆಟ್ಟಗೆ ನಿಲ್ಲುವ ಹನ್ನೆರಡು ಸೆಂಟಿಮೀಟರಿನ ಕಂಬ ಅದು. ತಿರುಚಿದ ರಬ್ಬರ್ ಅದನ್ನು ಅಮುಕುತ್ತದೆ, ಹಿಂಡುತ್ತದೆ. ಬರೀ ಕಡ್ಡಿ ಇಟ್ಟರೆ ಒದ್ದೆ ಬಟ್ಟೆಯ ಹಾಗೆ ತಿರುಚಿಕೊಳ್ಳುತ್ತದೆ. ತೆಳು ಬಾಲ್ಸಾ ಹಾಳೆಯನ್ನು ನೆನೆಸಿ, ಒಂದು ದಪ್ಪ ಪೆನ್ನಿಗೆ ಸುತ್ತಿ, ಅಂಚು ಅಂಟಿಸಿ ಕೊಳವೆ ಮಾಡಿದರೆ ಅಷ್ಟೇ ತೂಕದಲ್ಲಿ ಎಷ್ಟೋ ಪಟ್ಟು ಗಟ್ಟಿ. ಮೇಲ್ತುದಿಯಲ್ಲಿ ಪೆನ್ನಿನ ಹಿತ್ತಾಳೆ ರೀಫಿಲ್ಲಿನ ತುಂಡು, ಅದರೊಳಗೆ ಒಂದು ಮಿಲಿಮೀಟರ್ ಸ್ಟೀಲ್ ತಂತಿಯ ಶಾಫ್ಟ್. ರಬ್ಬರ್ ಶಾಫ್ಟನ್ನು ಜೋರಾಗಿ ಕೆಳಕ್ಕೆ ಎಳೆಯುವುದರಿಂದ ರೋಟರ್ ಬಂದು ಕೊಳವೆಯ ಬಾಯಿಗೆ ಉಜ್ಜುತ್ತದೆ. ನಡುವೆ ಒಂದು ನುಣುಪಾದ ಗಾಜಿನ ಮಣಿ ಹಾಕಿ, ಉಜ್ಜಾಟ ತಪ್ಪುತ್ತದೆ.

ಈಗ ಶುರುವಿನ ಪ್ರಶ್ನೆಗೆ ವಾಪಸ್. ಎದುರು ತಿರುವನ್ನು ಎಲ್ಲಿ ಇಳಿಸುವುದು?

ಅಸಲಿ ಬೆಲ್ 47 ಬಾಲದ ಪುಟ್ಟ ರೋಟರಿನಿಂದ ಪಕ್ಕಕ್ಕೆ ತಳ್ಳಿ ಇದನ್ನು ತಡೆಯುತ್ತದೆ. ನಮ್ಮ ಮಾಡೆಲ್ಲಿನ ಬಾಲದ ತುದಿಯಲ್ಲೂ ಮೂರು ಗ್ರಾಂ ತಳ್ಳು ಸಾಕು. ಕೇಳಲು ಸುಲಭ. ಆದರೆ ಕಂಬದಲ್ಲಿರುವ ರಬ್ಬರಿನ ತಿರುವನ್ನು ಬಾಲದ ತುದಿಗೆ ಸಾಗಿಸಲು ದಾರ, ರಾಟೆ ಬೇಕು. ತೂಕವೂ ಉಜ್ಜಾಟವೂ ಬರುತ್ತವೆ. ಬಾಲಕ್ಕೆ ಬೇರೆ ರಬ್ಬರ್ ಕೊಟ್ಟರೆ ಎರಡೂ ಒಟ್ಟಿಗೆ ಬಿಚ್ಚಿಕೊಳ್ಳಬೇಕು, ಅವು ಹಾಗೆ ಬಿಚ್ಚಿಕೊಳ್ಳುವುದಿಲ್ಲ. ಪೆನೋನ ಹಾಗೆ ಕೆಳಗೂ ಒಂದು ರೋಟರ್ ಇಟ್ಟರೆ ಚೆನ್ನಾಗಿ ಹಾರುತ್ತದೆ, ಬೆಲ್ 47 ಥರ ಕಾಣುವುದಿಲ್ಲ.

ನಾನು ಹಿಡಿದದ್ದು ನಡುವಿನ ದಾರಿ. ರೋಟರ್ ಕೆಳಕ್ಕೆ ದೂಡುವ ಗಾಳಿ ಹೇಗಿದ್ದರೂ ಮೈ ಮೇಲೆ ಬೀಳುತ್ತದೆ. ಆ ಗಾಳಿಗೆ ಓರೆಯಾಗಿ ಎರಡು ಹಲಗೆ ಹಿಡಿದರೆ ಅವು ಮೈಯನ್ನು ಒಂದು ಕಡೆಗೆ ತಳ್ಳುತ್ತವೆ. ರೋಟರ್ ಯಾವ ಕಡೆಗೆ ತಿರುಗುತ್ತದೋ ಅದೇ ಕಡೆಗೆ ತಳ್ಳುವ ಹಾಗೆ ಓರೆ ಇಟ್ಟರೆ ಎದುರು ತಿರುವು ಅಷ್ಟು ಕಮ್ಮಿಯಾಗುತ್ತದೆ. ಕಡ್ಡಿಯ ತೆಳು ಚೌಕಟ್ಟಿಗೆ ಪ್ಯಾಕಿಂಗಿನ ಪಾರದರ್ಶಕ ಪ್ಲಾಸ್ಟಿಕ್ ಬಿಗಿದು, 20 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ಎರಡು ಹಲಗೆಗಳನ್ನು ಮೈಯ ಎರಡೂ ಪಕ್ಕಕ್ಕೆ ಕೂರಿಸಿದೆ. ಹತ್ತು ಅಡಿ ದೂರದಿಂದ ಅವು ಕಾಣುವುದೇ ಇಲ್ಲ. ಇಷ್ಟಾದರೂ ಮೈ ಪೂರ್ತಿ ನಿಲ್ಲುವುದಿಲ್ಲ, ನಿಧಾನಕ್ಕೆ ಸುತ್ತುತ್ತದೆ. ಅದು ಪರವಾಗಿಲ್ಲ. ಸುತ್ತುವಾಗ ಅದೇ ಹಲಗೆಗಳು ಗಾಳಿಗೆ ಅಡ್ಡ ಬಂದು ಬ್ರೇಕ್ ಹಾಕುತ್ತವೆ. ನನ್ನ ಮೊದಲ ಮಾಡೆಲ್ಲಿನಲ್ಲಿ ಈ ಬ್ರೇಕೇ ಇರಲಿಲ್ಲ. ರಬ್ಬರಿನ ಇನ್ನೂರು ಸುತ್ತಿನಲ್ಲಿ ಹೆಚ್ಚಿನದನ್ನು ಮೈಯೇ ತಿಂದುಹಾಕಿತು, ರೋಟರಿಗೆ ಉಳಿದದ್ದು ಸ್ವಲ್ಪ. ಜಾಸ್ತಿ ರಬ್ಬರ್ ಹಾಕಿದಾಗ ಮೈ ಜೋರಾಗಿ ಸುತ್ತಿದ್ದೂ ಇದಕ್ಕೇ.

ಹಲಗೆ ಹಾಕಿದ ಮೇಲೆ ಮಾಡೆಲ್ ಎದ್ದಿತು. ಎದ್ದು, ಆಳೆತ್ತರಕ್ಕೆ ಹೋಗಿ, ಒಂದು ಕಡೆಗೆ ವಾಲಿ, ಇನ್ನೊಂದು ಕಡೆಗೆ ಇನ್ನೂ ಜಾಸ್ತಿ ವಾಲಿ, ಮಗುಚಿ ಬಿತ್ತು.

ಭಾರ ಎಲ್ಲಾ ರೋಟರಿನ ಕೆಳಗೇ ನೇತಾಡುತ್ತದಲ್ಲ, ಗಡಿಯಾರದ ಲೋಲಕದ ಹಾಗೆ ತಾನೇ ನೆಟ್ಟಗಾಗಬೇಕಿತ್ತು ಅಂತ ನನಗೂ ಅನಿಸಿತ್ತು. ಲೋಲಕಕ್ಕೆ ಮೇಲೆ ಒಂದು ಮೊಳೆ ಇರುತ್ತದೆ. ಲೋಲಕ ಎಷ್ಟು ವಾಲಿದರೂ ಮೊಳೆ ಅಲ್ಲೇ ಇದ್ದು ನೇರ ಮೇಲಕ್ಕೆ ಹಿಡಿದಿರುತ್ತದೆ. ಹೆಲಿಕಾಪ್ಟರಿಗೆ ಮೊಳೆ ಇಲ್ಲ. ಮೈ ವಾಲಿದರೆ ರೋಟರೂ ಜೊತೆಗೆ ವಾಲುತ್ತದೆ, ಅದರ ಎಳೆತವೂ ಓರೆಯಾಗಿ ಮತ್ತೆ ಭಾರದ ನಡುವಿನಿಂದಲೇ ಹಾಯುತ್ತದೆ. ನೆಟ್ಟಗೆ ಮಾಡುವ ಬಲವೇ ಹುಟ್ಟುವುದಿಲ್ಲ. ಓರೆಯಾದ ಕಡೆಗೆ ಅದು ಜಾರುತ್ತದೆ. ಜಾರುವಾಗ ಎದುರು ಬರುವ ಗಾಳಿ ರೋಟರನ್ನು ಹಿಂದಕ್ಕೆ ವಾಲಿಸುತ್ತದೆ, ಅದು ಅತಿಯಾಗಿ ಇನ್ನೊಂದು ಕಡೆಗೆ ಜಾರುತ್ತದೆ. ಪ್ರತಿ ಸಲವೂ ತೂಗಾಟ ದೊಡ್ಡದಾಗುತ್ತದೆ.

ಇಲ್ಲಿ ಆರ್ಥರ್ ಯಂಗ್ ಕಥೆ ಬರುತ್ತದೆ. 1928ರಿಂದ ಹನ್ನೆರಡು ಹದಿಮೂರು ವರ್ಷ ಈತ ಮಾಡೆಲ್ ಹೆಲಿಕಾಪ್ಟರ್‌ಗಳ ಮೇಲೇ ಪ್ರಯೋಗ ಮಾಡಿದ. ಯಾವ ಕಂಪನಿಯ ನೌಕರನೂ ಅಲ್ಲ. ಪೆನ್ಸಿಲ್ವೇನಿಯಾದ ಒಂದು ಹಳೇ ಕೊಟ್ಟಿಗೆಯೇ ಅವನ ಕಾರ್ಖಾನೆ. ಮಾಡೆಲ್‌ಗಳು ಮತ್ತೆ ಮತ್ತೆ ಇದೇ ಥರ ವಾಲಿ ಮಗುಚುತ್ತಿದ್ದವು. ಕೊನೆಗೆ ಅವನಿಗೆ ಹೊಳೆದದ್ದು ಒಂದು ಸರಳ ಕಂಬಿ. ರೆಕ್ಕೆಗಳಿಗೆ ಅಡ್ಡಲಾಗಿ, ಎರಡೂ ತುದಿಯಲ್ಲಿ ಭಾರ ಇರುವ ಕಂಬಿ. ಅದು ರೋಟರಿನ ಜೊತೆಗೇ ತಿರುಗುತ್ತದೆ. ತಿರುಗುವ ಬುಗುರಿ ಹೇಗೆ ತನ್ನ ನಿಲುವು ಬಿಟ್ಟುಕೊಡುವುದಿಲ್ಲವೋ ಹಾಗೆ ಮೈ ವಾಲಿದರೂ ಈ ಕಂಬಿ ತಾನು ತಿರುಗುತ್ತಿದ್ದ ಮಟ್ಟದಲ್ಲೇ ತಿರುಗುತ್ತದೆ. ಕಂಬಿಗೂ ರೆಕ್ಕೆಗೂ ಕೊಂಡಿ ಹಾಕಿದರೆ, ಮೈ ವಾಲಿದಾಗ ಒಂದು ಕಡೆ ಬಂದ ರೆಕ್ಕೆಯ ಓರೆ ಹೆಚ್ಚುತ್ತದೆ, ಎದುರು ಕಡೆಯದು ಕಮ್ಮಿಯಾಗುತ್ತದೆ. ರೋಟರ್ ಕಂಬಿಯ ಮಟ್ಟಕ್ಕೇ ಬಂದು ನಿಲ್ಲುತ್ತದೆ. 1941ರಲ್ಲಿ ಯಂಗ್ ತನ್ನ ಮಾಡೆಲ್ ಹಾರಿಸಿ ಬೆಲ್ ಕಂಪನಿಯವರಿಗೆ ತೋರಿಸಿದ. ಐದು ವರ್ಷದಲ್ಲಿ ಬೆಲ್ 47 ಬಂತು. ಅದರ ಚಿತ್ರ ನೋಡಿದರೆ ರೋಟರಿನ ಕೆಳಗೆ ಅಡ್ಡಲಾಗಿ ಆ ಕಂಬಿ ಎದ್ದು ಕಾಣುತ್ತದೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಒಂದು ಬೆಲ್ 47 ಇದೆ, ಅದಕ್ಕೂ ಈ ಕಂಬಿ ಇದೆ.

ಮಾಡೆಲ್ಲಿಗೆ ಕೊಂಡಿಗಳೂ ಬೇಡ. 0.8 ಮಿಲಿಮೀಟರ್ ತಂತಿಯ 20 ಸೆಂಟಿಮೀಟರ್ ಕಂಬಿಯನ್ನು ರೆಕ್ಕೆಗಳಿಗೆ ಅಡ್ಡವಾಗಿ, ಕೂಡಿಸುವ ಗುರುತಿನ ಹಾಗೆ, ಗಟ್ಟಿಯಾಗಿ ಬಿಗಿಯಿರಿ. ತುದಿಗಳಲ್ಲಿ ಅರ್ಧರ್ಧ ಗ್ರಾಂ ಬೆಸುಗೆ ಸೀಸ. ಈ ಇಡೀ ಕೂಡುಗುರುತು ಶಾಫ್ಟಿನ ಮೇಲೆ ರೆಕ್ಕೆಯ ಉದ್ದದ ಗೆರೆಯ ಸುತ್ತ ಕೆಲವು ಡಿಗ್ರಿ ಸಲೀಸಾಗಿ ಅಲುಗಬೇಕು, ಅಷ್ಟೇ. ಕಂಬಿ ಮೇಲೆ ಕೆಳಗೆ ಆಡಿದರೆ ರೆಕ್ಕೆಯ ಓರೆ ತಾನಾಗೇ ಬದಲಾಗುತ್ತದೆ. ಬೆರಳಲ್ಲಿ ಮುಟ್ಟಿ ನೋಡಿ. ಊದಿದರೆ ಅಲುಗುವಷ್ಟು ಸಡಿಲ ಇರಬೇಕು. ಅಂಟಿನ ಒಂದು ಹನಿ ಅಲ್ಲಿ ಸೇರಿದರೆ ಮುಗಿಯಿತು, ಮತ್ತೆ ಮಗುಚಾಟ.

ಹಾರಿಸಲು ಗಾಳಿ ಇಲ್ಲದ ಜಾಗ ಬೇಕು. ಬಯಲಿನ ಸಣ್ಣ ಗಾಳಿಯೂ 20 ಗ್ರಾಮಿನ ಮಾಡೆಲ್ಲಿಗೆ ಬಿರುಗಾಳಿ. ನಮಗೆ ಸಿಕ್ಕಿದ್ದು ಮದುವೆ ಇಲ್ಲದ ದಿನದ ಒಂದು ಕಲ್ಯಾಣ ಮಂಟಪ. ಎತ್ತರದ ಚಾವಣಿ, ಖಾಲಿ ನೆಲ. ಫ್ಯಾನೆಲ್ಲಾ ಆಫ್ ಮಾಡಿಸಿ, ಕಿಟಕಿ ಮುಚ್ಚಿಸಿದೆವು. ಮೂರು ಮಿಲಿಮೀಟರ್ ರಬ್ಬರಿನ ಎರಡು ಕುಣಿಕೆ, ಹಿಂದಿನ ರಾತ್ರಿಯೇ ಗ್ಲಿಸರಿನ್ ಸವರಿ ಇಟ್ಟದ್ದು. ಕೊಬ್ಬರಿ ಎಣ್ಣೆ ಸವರಬೇಡಿ, ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ರಬ್ಬರಿನ ಕೆಳತುದಿಯನ್ನು ಕಳಚಿ, ಮೂರು ಪಟ್ಟು ಉದ್ದಕ್ಕೆ ಎಳೆದು ಹಿಡಿದು, ಕೈ ಡ್ರಿಲ್ಲಿನಿಂದ ಸುತ್ತುತ್ತಾ, ಅರ್ಧ ಆದ ಮೇಲೆ ಮೆಲ್ಲಗೆ ಹತ್ತಿರ ಬರಬೇಕು. ಸುತ್ತುವವರು ಕನ್ನಡಕ ಹಾಕಿರಲೇಬೇಕು. ಹರಿದ ರಬ್ಬರ್ ನೇರ ಮುಖಕ್ಕೆ ಬರುತ್ತದೆ.

ಮೊದಲು ಐವತ್ತೇ ಸುತ್ತು. ನೆಲದಿಂದ ಒಂದು ಗೇಣು ಎದ್ದು ಕೂತಿತು. ಮೈ ತುಸು ಜೋರಾಗಿ ಸುತ್ತುತ್ತಿತ್ತು, ಪಕ್ಕದ ಹಲಗೆಗಳ ಓರೆಯನ್ನು ಐದು ಡಿಗ್ರಿ ಹೆಚ್ಚಿಸಿದೆ. ನೂರು ಸುತ್ತಿಗೆ ಎದೆಯ ಮಟ್ಟಕ್ಕೆ ಏರಿ ಮುಂದಕ್ಕೆ ಜಾರಿತು, ಬಾಲಕ್ಕೆ ಒಂದು ಚಿಟಿಕೆ ಜೇಡಿಮಣ್ಣು ಅಂಟಿಸಿದೆ. ಆಮೇಲೆ ಇನ್ನೂರು.

ಶುರುವಿನಲ್ಲಿ ರಬ್ಬರಿಗೆ ಬಲ ಜಾಸ್ತಿ, ಹಾಗಾಗಿ ಕೈ ಬಿಟ್ಟೊಡನೆ ಚಂಗನೆ ಮೇಲೇರಿತು. ಬಾಲ್ಕನಿಯ ಎತ್ತರಕ್ಕೆ ಹೋಗಿ ನಿಂತಿತು. ಕಂಬಿ ಒಂದೇ ಮಟ್ಟದಲ್ಲಿ ಮಿಂಚುತ್ತಾ ತಿರುಗುತ್ತಿತ್ತು, ಅದರ ಕೆಳಗೆ ಗುಮ್ಮಟ, ಬಾಲ ಸಾವಕಾಶವಾಗಿ ಸುತ್ತ ನೋಡುತ್ತಿರುವ ಹಾಗೆ ತಿರುಗುತ್ತಿದ್ದವು. ಸದ್ದು ಅಂದರೆ ಬೀಸಣಿಗೆ ಬೀಸಿದಷ್ಟು. ಬಲ ಇಳಿದಂತೆ ಅದೂ ಇಳಿಯಿತು, ಪೂರಾ ನೆಟ್ಟಗೆ. ಎರಡೂ ಕಾಲೂರಿ ಕೂತಾಗ ಗಡಿಯಾರ 27 ಸೆಕೆಂಡ್ ತೋರಿಸುತ್ತಿತ್ತು. ಮಂಟಪದ ಕಾವಲುಗಾರರು ಕುರ್ಚಿಯಿಂದ ಎದ್ದು ಬಂದು, "ಇನ್ನೊಂದ್ ಸಲ ಬಿಡಿ ಸಾರ್" ಅಂದರು. ರಬ್ಬರ್ ಬಿಸಿಯಾಗಿತ್ತು. ಹತ್ತು ನಿಮಿಷ ಆರಲು ಬಿಟ್ಟು, ಮತ್ತೆ ಸುತ್ತಿದೆ.